ಹದಿಮೂರು ಮಿಲಿಮೀಟರ್: ತಂಡದವರು ಆಟಗಾರನ ಜೀನ್ ಕೇಳಿದಾಗ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ನಮಸ್ಕಾರ. ಒಂದು ಲೆಕ್ಕದಿಂದ ಶುರು ಮಾಡೋಣ. ವರ್ಷಕ್ಕೆ 4 ಲಕ್ಷ ಡಾಲರ್, 50 ವರ್ಷ. ಗುಣಿಸಿದರೆ 2 ಕೋಟಿ ಡಾಲರ್. 2005ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಶಿಕಾಗೊ ಬುಲ್ಸ್ ತನ್ನ 22 ವರ್ಷದ ಆಟಗಾರ ಎಡ್ಡಿ ಕರ್ರಿಯ ಮುಂದಿಟ್ಟ ಮೊತ್ತ ಇದು. ಷರತ್ತು ಹೀಗಿತ್ತು: ಡಿಎನ್‌ಎ ಪರೀಕ್ಷೆ ಮಾಡಿಸಿಕೋ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯ ಜೀನ್ ಸಿಕ್ಕರೆ ಆಟ ಬಿಡು, ಐವತ್ತು ವರ್ಷ ಮನೆಗೆ ದುಡ್ಡು ಬರುತ್ತದೆ. ಕರ್ರಿ ಒಪ್ಪಲಿಲ್ಲ.

ಆ ವರ್ಷ ಬುಲ್ಸ್ ಪರವಾಗಿ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವನು ಇದೇ ಹುಡುಗ. ಮಾರ್ಚ್ ಕೊನೆಯಲ್ಲಿ ಎದೆಬಡಿತ ಏರುಪೇರಾಯಿತು. ಉಳಿದ 13 ಪಂದ್ಯ, ಆಮೇಲಿನ ಪ್ಲೇಆಫ್ ಎಲ್ಲಾ ಕೈತಪ್ಪಿತು. ಹಲವು ಹೃದ್ರೋಗ ತಜ್ಞರು ನೋಡಿದರು, ಆಡಬಹುದು ಎಂದವರೂ ಇದ್ದರು. ಮಿನಿಯಾಪೊಲಿಸ್‌ನ ತಜ್ಞ ಬ್ಯಾರಿ ಮ್ಯಾರನ್ ಮಾತ್ರ ಡಿಎನ್‌ಎ ಪರೀಕ್ಷೆಯೂ ಆಗಲಿ ಎಂದರು. ಈ ಕಾಯಿಲೆಯ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ವೈದ್ಯರು ಅವರು, ಅವರ ಮಾತನ್ನು ತಂಡ ಪಕ್ಕಕ್ಕಿಡುವಂತಿರಲಿಲ್ಲ. ಬುಲ್ಸ್ ತಂಡದ ಜನರಲ್ ಮ್ಯಾನೇಜರ್ ಜಾನ್ ಪ್ಯಾಕ್ಸನ್ ಪಟ್ಟು ಹಿಡಿದರು. ಹುಡುಗನ ಜೀವದ ಪ್ರಶ್ನೆ ಎಂಬುದು ಅವರ ವಾದ. ಇವತ್ತು ಹೃದಯದ ಜೀನ್ ಕೇಳುತ್ತೀರಿ, ನಾಳೆ ಕ್ಯಾನ್ಸರ್, ಕುಡಿತ, ಬೊಜ್ಜು, ಬೋಳುತಲೆ ಎಲ್ಲದರ ಜೀನೂ ಕೇಳುತ್ತೀರಿ ಎಂಬುದು ಕರ್ರಿಯ ವಕೀಲ ಅಲನ್ ಮಿಲ್‌ಸ್ಟೀನ್ ವಾದ.

ಅಕ್ಟೋಬರ್ ಮೊದಲ ವಾರದಲ್ಲಿ ಬುಲ್ಸ್ ಅವನನ್ನು ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ದಾಟಿಸಿತು. ನಿಕ್ಸ್ ಆರು ವರ್ಷಕ್ಕೆ ಸುಮಾರು 6 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಎರಡು ವಾರವೂ ಕಳೆದಿರಲಿಲ್ಲ, ಅಕ್ಟೋಬರ್ 15ರಂದು ಅಟ್ಲಾಂಟಾ ಹಾಕ್ಸ್ ತಂಡದ 28 ವರ್ಷದ ಜೇಸನ್ ಕೊಲಿಯರ್ ಹಠಾತ್ತನೆ ತೀರಿಕೊಂಡ. ಶವಪರೀಕ್ಷೆಯಲ್ಲಿ ಹೃದಯ ವಿಪರೀತ ದೊಡ್ಡದಾಗಿದ್ದದ್ದು ಕಂಡಿತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಬುಲ್ಸ್ ಹೆದರಿದ್ದು ಸುಳ್ಳು ಭಯಕ್ಕಲ್ಲ. 1990ರಲ್ಲಿ ಲೊಯೊಲಾ ಮೇರಿಮೌಂಟ್ ವಿಶ್ವವಿದ್ಯಾಲಯದ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆಯೇ ಅಂಕಣದಲ್ಲಿ ಬಿದ್ದ. 1993ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ನಾಯಕ ರೆಗ್ಗಿ ಲೂಯಿಸ್ ಹೋದ. ಅವನ ವಿಷಯದಲ್ಲಂತೂ ಒಂದು ತಜ್ಞರ ಗುಂಪು ಹೃದಯದ ಸ್ನಾಯುವಿನ ರೋಗ ಎಂದಿತ್ತು, ಇನ್ನೊಬ್ಬ ಹೆಸರಾಂತ ವೈದ್ಯರು ಬರೀ ತಲೆಸುತ್ತು ಬರುವ ತೊಂದರೆ ಎಂದಿದ್ದರು. ಲೂಯಿಸ್‌ನ ಹೆಂಡತಿ ಹೂಡಿದ ಮೊಕದ್ದಮೆ 2000ದವರೆಗೆ ಎಳೆಯಿತು.

ಹಾಗಿದ್ದರೂ ಬುಲ್ಸ್ ಕೇಳಿದ ಪರೀಕ್ಷೆ ತಪ್ಪು ಪರೀಕ್ಷೆ ಎಂಬುದು ನನ್ನ ವಾದ. ಖಾಸಗಿತನದ ಮಾತು ಆಮೇಲೆ ಬರುತ್ತದೆ, ಮೊದಲು ವೈದ್ಯಶಾಸ್ತ್ರವನ್ನೇ ನೋಡೋಣ.

ಗೋಡೆಯ ದಪ್ಪ

ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಹೃದಯದ ಸ್ನಾಯು ಕಾರಣವಿಲ್ಲದೆ ದಪ್ಪವಾಗುವುದು. ಸುಮಾರು 500 ಜನರಲ್ಲಿ ಒಬ್ಬರಿಗಿದೆ, ಹಾಗಾಗಿ ಅಪರೂಪದ್ದೇನಲ್ಲ. ತಂದೆ ಅಥವಾ ತಾಯಿಗೆ ಆ ಜೀನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮಲ್ಲಿ ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬಹುದು. ಆ ಆತಂಕದಲ್ಲಿ ಎರಡು ಬೇರೆ ವಿಷಯ ಕಲಸಿಹೋಗಿದ್ದವು. 35 ದಾಟಿದವರ ಹಠಾತ್ ಸಾವಿಗೆ ಬಹುಪಾಲು ಕಾರಣ ರಕ್ತನಾಳದ ಅಡಚಣೆ. ಅಲ್ಲಿ ಬಿಪಿ, ಸಕ್ಕರೆ, ಸಿಗರೇಟು, ಕೊಲೆಸ್ಟರಾಲಿನ ಕಥೆ. 35ರ ಒಳಗಿನ ಆಟಗಾರ ಮೈದಾನದಲ್ಲಿ ಬಿದ್ದರೆ ಮಾತ್ರ ಹುಟ್ಟಿನಿಂದ ಬಂದ ಹೃದಯದ ದೋಷ, ವಂಶದ ಕಾಯಿಲೆ ಇವುಗಳನ್ನು ಮೊದಲು ಹುಡುಕುತ್ತಾರೆ. ಇವತ್ತಿನ ಮಾತು ಈ ಎರಡನೆಯವರದ್ದು.

ಧ್ವನಿತರಂಗದಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆಯಲ್ಲಿ ಎಡಭಾಗದ ಕೆಳಕೋಣೆಯ ಗೋಡೆಯನ್ನು ಅಳೆಯುತ್ತಾರೆ. ಸಾಮಾನ್ಯರಿಗೆ 12 ಮಿಲಿಮೀಟರಿನ ಒಳಗೆ. 15 ಮತ್ತು ಮೇಲಿದ್ದು, ಅಷ್ಟು ದಪ್ಪವಾಗಲು ಬಿಪಿಯಂಥ ಬೇರೆ ಕಾರಣ ಕಾಣದಿದ್ದರೆ ಕಾಯಿಲೆ ಎನ್ನುತ್ತಾರೆ. ತೊಡಕಿರುವುದು 13, 14ರಲ್ಲಿ. ವರ್ಷಗಟ್ಟಲೆ ದಿನಕ್ಕೆ ನಾಲ್ಕೈದು ಗಂಟೆ ಬೆವರು ಸುರಿಸಿದವರ ಹೃದಯವೂ ದಪ್ಪವಾಗುತ್ತದೆ. ತೋಳಿನ ಸ್ನಾಯು ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಕಪ್ಪು ವರ್ಣದ ಆಟಗಾರರಲ್ಲಿ ಇದು ಇನ್ನೂ ಹೆಚ್ಚು: 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 12 ಮಿಲಿಮೀಟರ್ ದಾಟಿದವರು ಬಿಳಿಯ ಆಟಗಾರರಲ್ಲಿ ಶೇ. 4, ಕಪ್ಪು ಆಟಗಾರರಲ್ಲಿ ಶೇ. 18. ಎಲ್ಲರೂ ಆರೋಗ್ಯವಾಗಿದ್ದವರೇ. ಅಂದರೆ ಒಂದು ಮಿಲಿಮೀಟರ್ ಆಚೀಚೆ ಆದರೆ ಒಬ್ಬನ ಬದುಕು ಆಚೀಚೆ. ಎಕೋ ಮಾಡುವವರು ಗೋಡೆಗೆ ಅಂಟಿಕೊಂಡ ಸಣ್ಣ ಸ್ನಾಯುಪಟ್ಟಿಯನ್ನೂ ಸೇರಿಸಿ ಅಳೆದರೆ, ಅಥವಾ ಅಡ್ಡಕ್ಕೆ ಕತ್ತರಿಸಬೇಕಾದ ಚಿತ್ರವನ್ನು ಸ್ವಲ್ಪ ಓರೆಯಾಗಿ ಕತ್ತರಿಸಿದರೆ ಆ ಒಂದು ಮಿಲಿಮೀಟರ್ ಸುಲಭವಾಗಿ ಬಂದುಬಿಡುತ್ತದೆ.

13 ಬಂದಾಗ ಏನು ಮಾಡಬೇಕು? ಮೊದಲು ಕೋಣೆಯ ಒಳಜಾಗ ನೋಡಿ. ಆಟಗಾರನ ಹೃದಯದಲ್ಲಿ ಗೋಡೆಯೂ ದಪ್ಪ, ಕೋಣೆಯೂ ಹಿರಿದು, ಒಳ ಅಳತೆ ಕೆಲವೊಮ್ಮೆ 55 ಮಿಲಿಮೀಟರ್ ದಾಟುತ್ತದೆ. ಕಾಯಿಲೆಯ ಹೃದಯದಲ್ಲಿ ಗೋಡೆ ಒಳಕ್ಕೆ ನುಗ್ಗಿ ಕೋಣೆ ಇಕ್ಕಟ್ಟಾಗುತ್ತದೆ, 45ರ ಕೆಳಗೆ. ಆಮೇಲೆ ಇಸಿಜಿಯಲ್ಲಿ ಎಡಪಕ್ಕದ ಲೀಡುಗಳಲ್ಲಿ (ಮೈಗೆ ಅಂಟಿಸುವ ತಂತಿಗಳಲ್ಲಿ) 'ಟಿ' ಎಂಬ ಅಲೆ ತಲೆಕೆಳಗಾಗಿದೆಯೇ ನೋಡಿ. ಆಮೇಲೆ ಗ್ಯಾಡೊಲಿನಿಯಂ ಎಂಬ, ಚಿತ್ರ ಸ್ಪಷ್ಟಗೊಳಿಸುವ ದ್ರವ ಕೊಟ್ಟು ಎಂಆರ್‌ಐ. ಸ್ನಾಯುವಿನಲ್ಲಿ ಗಾಯದ ಗುರುತು ಇದ್ದರೆ ಬೆಳ್ಳಗೆ ಕಾಣುತ್ತದೆ. ಟ್ರೆಡ್‌ಮಿಲ್ ಮೇಲೆ ಪೂರ್ತಿ ಸುಸ್ತಾಗುವವರೆಗೆ ಓಡಿಸಬೇಕು, 24 ಅಥವಾ 48 ಗಂಟೆ ಹೋಲ್ಟರ್ (ಮೈಮೇಲೇ ಇದ್ದು ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ) ಹಾಕಬೇಕು, ಅದೂ ತರಬೇತಿ ಇರುವ ದಿನವೇ. ಭಾನುವಾರ ಮನೆಯಲ್ಲಿ ಮಲಗಿದ್ದಾಗ ಹಾಕಿದ ಹೋಲ್ಟರಿನಿಂದ ಏನೂ ತಿಳಿಯದು. ಇಷ್ಟಾದರೂ ಬಗೆಹರಿಯದಿದ್ದರೆ ಕೊನೆಯ ಉಪಾಯ, ಮೂರು ತಿಂಗಳು ಅಭ್ಯಾಸ ನಿಲ್ಲಿಸಿ ಮತ್ತೆ ಅಳೆಯುವುದು. ಅಭ್ಯಾಸದಿಂದ ಬಂದ ದಪ್ಪ ಇಳಿಯುತ್ತದೆ, ಕಾಯಿಲೆಯ ದಪ್ಪ ಇಳಿಯುವುದಿಲ್ಲ. ಮೂರು ತಿಂಗಳು ಅಂದರೆ ಒಂದು ಸೀಸನ್ ಹೋಯಿತು, ಅದಕ್ಕೇ ಯಾರೂ ಒಪ್ಪುವುದಿಲ್ಲ. ಜೀನ್ ಪರೀಕ್ಷೆ ಇಲ್ಲೇ ನುಸುಳುವುದು. ಒಂದು ಟ್ಯೂಬ್ ರಕ್ತ, ಮೂರು ನಾಲ್ಕು ವಾರ, ಅಷ್ಟೇ ಎಂಬ ಆಸೆ.

ವರದಿಯ ಮೂರು ಉತ್ತರ

ಈಗ ಆ ವರದಿಯನ್ನು ಕೈಯಲ್ಲಿ ಹಿಡಿದು ನೋಡೋಣ. ರಕ್ತ ಅಥವಾ ಜೊಲ್ಲಿನಿಂದ ಡಿಎನ್‌ಎ ತೆಗೆದು, ಹೃದಯಸ್ನಾಯುವಿನ ಎಳೆಗಳನ್ನು ಕಟ್ಟುವ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ. ಮುಖ್ಯವಾದವು ಎಂಟು. ಅದರಲ್ಲೂ ಎಂವೈಎಚ್7, ಎಂವೈಬಿಪಿಸಿ3 ಎಂಬ ಎರಡರಲ್ಲೇ ಬಹುಪಾಲು ದೋಷ ಸಿಗುತ್ತದೆ. ಸಿಕ್ಕಿದ ಪ್ರತಿ ಬದಲಾವಣೆಯನ್ನೂ ಐದು ಮೆಟ್ಟಿಲಲ್ಲಿ ಒಂದರ ಮೇಲೆ ಕೂರಿಸುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ತಿಳಿಯದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ತಂಡದ ಆಫೀಸಿಗೆ ತಲುಪುವ ಹೊತ್ತಿಗೆ ಐದು ಮೆಟ್ಟಿಲು ಮೂರು ಉತ್ತರವಾಗಿರುತ್ತವೆ. ಇದೆ, ಇಲ್ಲ, ಗೊತ್ತಿಲ್ಲ.

'ಇಲ್ಲ' ಎಂದು ಬಂತೆನ್ನಿ. ನಿಶ್ಚಿಂತೆಯೇ? ಕಾಯಿಲೆ ಇರುವುದು ಖಚಿತವಾದ ರೋಗಿಗಳಲ್ಲೇ ಈ ಪರೀಕ್ಷೆ ಜೀನ್ ಪತ್ತೆ ಮಾಡುವುದು ಶೇ. 30ರಿಂದ 60. ಉಳಿದವರಿಗೆ ಕಾಯಿಲೆ ಇದೆ, ಜೀನ್ ಸಿಗುತ್ತಿಲ್ಲ. 2005ರಲ್ಲಿ ಇನ್ನೂ ಕಡಿಮೆ ಜೀನುಗಳನ್ನು ಓದುತ್ತಿದ್ದರು. ಕರ್ರಿಯ ವರದಿ 'ಇಲ್ಲ' ಎಂದು ಬಂದಿದ್ದರೂ ಅವನು ಅಂಕಣದಲ್ಲಿ ಬೀಳುವುದಿಲ್ಲ ಎಂದು ಯಾರೂ ಬರೆದುಕೊಡುವಂತಿರಲಿಲ್ಲ.

'ಇದೆ' ಎಂದು ಬಂತೆನ್ನಿ. ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಕೆಲವರಿಗೆ 15ಕ್ಕೆ ಕಾಣಿಸುತ್ತದೆ, ಕೆಲವರಿಗೆ 50ಕ್ಕೆ, ಕೆಲವರಿಗೆ ಕೊನೆಯವರೆಗೂ ಇಲ್ಲ. ಅಮೆರಿಕದ ಹೃದ್ರೋಗ ಸಂಘಗಳ 2020ರ ಮಾರ್ಗಸೂಚಿ, 2024ರ ಪರಿಷ್ಕರಣೆ ಎರಡೂ ಒಂದೇ ಮಾತು ಹೇಳುತ್ತವೆ. ಜೀನ್ ಇದ್ದು ಹೃದಯ ಸರಿಯಾಗಿದ್ದವರು ಎಷ್ಟೇ ಬಿರುಸಿನ ಸ್ಪರ್ಧೆಯಲ್ಲೂ ಭಾಗವಹಿಸಬಹುದು, ಆಗಾಗ ಹೃದಯ ತೋರಿಸಿಕೊಳ್ಳುತ್ತಿರಬೇಕು ಅಷ್ಟೇ. 2023ರಲ್ಲಿ 1,660 ಜನರ ಮೇಲಿನ ಅಧ್ಯಯನವೊಂದು ಬಂತು, ಕಾಯಿಲೆ ಇದ್ದವರೂ ಜೀನ್ ಮಾತ್ರ ಇದ್ದವರೂ ಅದರಲ್ಲಿದ್ದರು. ಬಿರುಸಿನ ವ್ಯಾಯಾಮ ಮಾಡಿದವರಲ್ಲಿ ಅನಾಹುತ ಹೆಚ್ಚೇನೂ ಕಾಣಲಿಲ್ಲ.

ಹಾಗಾದರೆ ನೋಡಿ: 'ಇಲ್ಲ' ಎಂದರೂ ಹೃದಯ ಪರೀಕ್ಷಿಸುತ್ತಲೇ ಇರಬೇಕು, 'ಇದೆ' ಎಂದರೂ ಹೃದಯ ಪರೀಕ್ಷಿಸುತ್ತಲೇ ಇರಬೇಕು. ತಂಡದ ವೈದ್ಯರು ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಒಂದಿಷ್ಟೂ ಬದಲಾಗಲಿಲ್ಲ. ಬದಲಾಗುವುದು ಒಂದೇ, ಒಪ್ಪಂದದ ಬೆಲೆ. ಆರು ವರ್ಷದ ಒಪ್ಪಂದ ಎರಡು ವರ್ಷದ್ದಾಗುತ್ತದೆ, ವಿಮಾ ಕಂಪನಿ ಹೃದಯವನ್ನು ಹೊರಗಿಡುತ್ತದೆ. ತಂಡಕ್ಕೆ ಜೀನ್ ವರದಿ ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ. ನನ್ನ ತಕರಾರಿನ ಬೇರು ಇದೇ.

ಇಲ್ಲೊಂದು ಅಪವಾದ ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. ಹೃದಯದ ಬಲಭಾಗದ ಸ್ನಾಯು ಕೊಬ್ಬಾಗಿ ಹೋಗುವ ಕಾಯಿಲೆಯೊಂದಿದೆ, ಪಿಕೆಪಿ2 ಅದರ ಮುಖ್ಯ ಜೀನ್. ಅಲ್ಲಿ ದೀರ್ಘ ಬಿರುಸಿನ ವ್ಯಾಯಾಮವೇ ರೋಗವನ್ನು ಬೇಗ ಬರಿಸುತ್ತದೆ. ಹೃದಯದ ವಿದ್ಯುತ್ ಲಯ ತಪ್ಪುವ ಲಾಂಗ್ ಕ್ಯೂಟಿ ಎಂಬ ವಂಶದ ಕಾಯಿಲೆಯ ಒಂದು ಬಗೆಯಲ್ಲಿ ಈಜುವಾಗಲೇ ಅಪಾಯ. ಇಂಥ ಮನೆತನದ ಹುಡುಗನಿಗೆ ತನ್ನ ಜೀನ್ ಗೊತ್ತಿರುವುದು ಜೀವ ಉಳಿಸುವ ಮಾತು. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಬರೆದುಕೊಡುವವರು ಅವನ ವೈದ್ಯರಾಗಿರಬೇಕು, ಸಂಬಳ ಕೊಡುವವರಲ್ಲ. ವರದಿ ಅವನ ಕೈಗೆ ಬರಬೇಕು.

ಮೂರನೆಯ ಉತ್ತರ 'ಗೊತ್ತಿಲ್ಲ'. ಇದೇ ಹೆಚ್ಚು ಕೆಡುಕಿನದು. ಬದಲಾವಣೆ ಅಪರೂಪದ್ದೇ ಸಾಮಾನ್ಯವೇ ಎಂದು ತಿಳಿಯಲು ಸಾವಿರಾರು ಆರೋಗ್ಯವಂತರ ಡಿಎನ್‌ಎ ಜೊತೆ ಹೋಲಿಸಬೇಕು. ಆ ಆರೋಗ್ಯವಂತರೆಲ್ಲ ಬಿಳಿಯರೇ ಆಗಿದ್ದರೆ? 2016ರಲ್ಲಿ ಹಾರ್ವರ್ಡ್ ಸಂಶೋಧಕರು ಇದನ್ನೇ ಕೆದಕಿದರು. ಈ ಕಾಯಿಲೆಗೆ ಕಾರಣವೆಂದು ಪಟ್ಟಿಯಲ್ಲಿದ್ದ ಕೆಲವು ಬದಲಾವಣೆಗಳು ಕಪ್ಪು ಅಮೆರಿಕನ್ನರಲ್ಲಿ ಸರ್ವೇಸಾಮಾನ್ಯ, ನಿರುಪದ್ರವಿ ಎಂದು ಗೊತ್ತಾಯಿತು. ಅಷ್ಟರಲ್ಲಿ ಹಲವರ ಕೈಗೆ 'ಇದೆ' ಎಂಬ ವರದಿ ಹೋಗಿತ್ತು. ಕರ್ರಿ ಕಪ್ಪು ಅಮೆರಿಕನ್. 2005ರಲ್ಲಿ ಅವನು ಒಪ್ಪಿದ್ದರೆ ಬರುತ್ತಿದ್ದ ಉತ್ತರವನ್ನು ಹನ್ನೊಂದು ವರ್ಷದ ನಂತರ ಲ್ಯಾಬ್ ತಿದ್ದಬಹುದಿತ್ತು. ಹನ್ನೊಂದು ವರ್ಷದ ಆಟವನ್ನು ಯಾರು ತಿದ್ದಿಕೊಡುತ್ತಾರೆ?

ನಮಗೂ ಇದೇ ಬಿಸಿ. ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವ ಒಂದು ರೂಪವಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳೂ ಇದ್ದ ತಂಡ 2009ರಲ್ಲಿ ತೋರಿಸಿದ ಹಾಗೆ ಭಾರತೀಯರಲ್ಲಿ ಸುಮಾರು ಶೇ. 4ರಷ್ಟು ಜನ ಇದನ್ನು ಹೊತ್ತಿದ್ದಾರೆ. ಇದು ಹೃದಯ ವೈಫಲ್ಯಕ್ಕೆ ಅಂಟಿಕೊಂಡಿದೆ ಎಂದು ಆಗ ದೊಡ್ಡ ಸುದ್ದಿಯಾಯಿತು. ನಂತರದ ಸಂಶೋಧನೆ, ಅಪಾಯದ ಬಹುಪಾಲು ಅದರ ಜೊತೆಗೇ ಕೆಲವರಲ್ಲಿ ಮಾತ್ರ ಬರುವ ಇನ್ನೊಂದು ಅಪರೂಪದ ಬದಲಾವಣೆಯದ್ದು ಎಂಬ ಕಡೆಗೆ ವಾಲಿತು. 25 ಆಟಗಾರರ ತಂಡವೊಂದನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರೆ ಲೆಕ್ಕಕ್ಕೆ ಸರಾಸರಿ ಒಬ್ಬನಿಗೆ ಅದು ಸಿಗುತ್ತದೆ. ಹೃದಯ ಗಟ್ಟಿಮುಟ್ಟಾಗಿರುವ ಆ ಒಬ್ಬನ ಹೆಸರಿನ ಪಕ್ಕ ಮ್ಯಾನೇಜರ್ ಕೆಂಪು ಗೆರೆ ಎಳೆಯುತ್ತಾನೆ.

ಕಾನೂನು ಬಂದ ಮೇಲೆ

ಕರ್ರಿಯ ಜಗಳ ನಡೆದಾಗ ಅಮೆರಿಕದಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕಾನೂನಿರಲಿಲ್ಲ. ರೈಲ್ವೆ ಕಂಪನಿಯೊಂದರ ಪ್ರಕರಣ ಮಾತ್ರ ಇತ್ತು. ಬರ್ಲಿಂಗ್‌ಟನ್ ನಾರ್ದರ್ನ್ ಕಂಪನಿ ಮಣಿಕಟ್ಟು ನೋವೆಂದು ಪರಿಹಾರ ಕೇಳಿದ ಕೆಲಸಗಾರರ ರಕ್ತದಲ್ಲಿ ಅವರಿಗೆ ಹೇಳದೆಯೇ ಜೀನ್ ಹುಡುಕಿಸಿ ಸಿಕ್ಕಿಬಿದ್ದಿತ್ತು. 2002ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಕೊನೆಗೆ 2008ರ ಮೇ 21ರಂದು ಜೀನ್ ಮಾಹಿತಿಯ ಆಧಾರದ ತಾರತಮ್ಯ ತಡೆಯುವ 'ಜಿನಾ' ಕಾಯ್ದೆಗೆ ಅಧ್ಯಕ್ಷ ಬುಷ್ ಸಹಿ ಬಿತ್ತು. ಸೆನೆಟ್‌ನಲ್ಲಿ 95-0, ಕೆಳಮನೆಯಲ್ಲಿ 414-1. ಉದ್ಯೋಗದ ಭಾಗ 2009ರ ನವೆಂಬರ್ 21ರಿಂದ ಜಾರಿ.

ಕಾಯ್ದೆ ಹೇಳುವುದಿಷ್ಟು: 15 ಅಥವಾ ಹೆಚ್ಚು ಕೆಲಸಗಾರರಿರುವ ಮಾಲೀಕ ಜೀನ್ ಮಾಹಿತಿಯನ್ನು ಕೇಳಕೂಡದು, ಒತ್ತಾಯಿಸಕೂಡದು, ದುಡ್ಡು ಕೊಟ್ಟು ಪಡೆಯಲೂ ಕೂಡದು. ಕೆಲಸಗಾರ 'ಆಗಲಿ' ಎಂದರೂ ಮಾಲೀಕ ಕೇಳಿದ್ದೇ ತಪ್ಪು. ಕರ್ರಿಗೆ ಕೊಟ್ಟಂಥ ಆಮಿಷ ಇವತ್ತಾದರೆ ನೇರವಾಗಿ ಉಲ್ಲಂಘನೆ. ಎಕೋ, ಇಸಿಜಿ, ಎಂಆರ್‌ಐ ಇದರಡಿ ಬರುವುದಿಲ್ಲ, ಅವು ಈಗಿರುವ ಹೃದಯವನ್ನು ನೋಡುವ ಪರೀಕ್ಷೆಗಳು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 2006-07ರ ಸೀಸನ್ನಿನಿಂದ ಎಲ್ಲ ಆಟಗಾರರಿಗೂ ಎಕೋ ಕಡ್ಡಾಯ ಮಾಡಿದ್ದು ಸರಿಯಾದ ದಾರಿಯೇ.

ಬಹಳ ಜನ ಎಡವುವುದು ಬೇರೆ ಕಡೆ. "ನಿಮ್ಮ ತಂದೆಗೆ ಹೃದ್ರೋಗ ಇತ್ತೇ?" ಈ ಕಾಯ್ದೆಯ ಪ್ರಕಾರ ಇದೂ ಜೀನ್ ಮಾಹಿತಿಯೇ. ಕುಟುಂಬದ ಕಾಯಿಲೆಗಳ ಪಟ್ಟಿಯನ್ನು ಪ್ರತಿ ವೈದ್ಯರೂ ಮೊದಲ ಐದು ನಿಮಿಷದಲ್ಲಿ ಕೇಳುತ್ತಾರೆ, ಕೇಳಲೇಬೇಕು. ಅದೇ ಪ್ರಶ್ನೆಯನ್ನು ತಂಡದ ಪರವಾಗಿ ಆಯ್ಕೆಗೆ ಮುಂಚೆ ಕೇಳಿದರೆ ಕಾನೂನುಬಾಹಿರ. ಅಮೆರಿಕನ್ ಫುಟ್‌ಬಾಲಿನ ಆಯ್ಕೆ ಶಿಬಿರದಲ್ಲಿ ನಡೆಯುವ ತಪಾಸಣೆ ಈ ಕಾಯ್ದೆಯನ್ನು ಮೀರುವಂತಿದೆ ಎಂದು 2017ರಲ್ಲಿ ಹಾರ್ವರ್ಡಿನ ಆಟಗಾರರ ಆರೋಗ್ಯ ಯೋಜನೆಯ ಕಾನೂನು ತಜ್ಞರು ವಾದಿಸಿದರು. ಇಲಿನಾಯ್ ರಾಜ್ಯದ ಸ್ವಂತ ಕಾಯ್ದೆಯಂತೂ ಇನ್ನೂ ಖಾರ. ಅಜಾಗರೂಕತೆಗೆ 2,500 ಡಾಲರ್, ಬೇಕೆಂದೇ ಮಾಡಿದರೆ 15,000. ನೇಮಕದ ತಪಾಸಣೆಯಲ್ಲಿ ಕುಟುಂಬದ ಕಾಯಿಲೆ ಕೇಳಿದ ಕಂಪನಿಗಳ ಮೇಲೆ ಈಚೆಗೆ ಅಲ್ಲಿ ಸಾಲು ಸಾಲು ಮೊಕದ್ದಮೆ.

ಒಂದು ವಿಚಿತ್ರ ತೀರ್ಪನ್ನೂ ಹೇಳಿಬಿಡುತ್ತೇನೆ. ಜಾರ್ಜಿಯಾದ ಗೋದಾಮೊಂದರಲ್ಲಿ ಯಾರೋ ಮೂಲೆಯಲ್ಲಿ ಮಲ ವಿಸರ್ಜಿಸಿ ಹೋಗುತ್ತಿದ್ದರು. ಕಂಪನಿ ಇಬ್ಬರು ಕೆಲಸಗಾರರ ಕೆನ್ನೆಯೊಳಗಿನಿಂದ ಹತ್ತಿಯಲ್ಲಿ ಮಾದರಿ ತೆಗೆಸಿ ಡಿಎನ್‌ಎ ಹೋಲಿಸಿತು. ಇಬ್ಬರೂ ಅಲ್ಲ. (ಸಭೆಯಲ್ಲಿ ನಗು.) ನಗಬೇಡಿ, 2015ರಲ್ಲಿ ತೀರ್ಪುಗಾರರು 22.25 ಲಕ್ಷ ಡಾಲರ್ ಪರಿಹಾರ ಹೇಳಿದರು. ಆರೋಗ್ಯದ ಮಾಹಿತಿ ಏನೂ ಇರಲಿಲ್ಲ, ಗುರುತು ಮಾತ್ರ ನೋಡಿದೆವು ಎಂಬ ಕಂಪನಿಯ ವಾದ ನಿಲ್ಲಲಿಲ್ಲ. ಕ್ರೀಡೆಗೂ ಇದಕ್ಕೂ ಸಂಬಂಧವಿದೆ. ಡೊಮಿನಿಕನ್ ಗಣರಾಜ್ಯದ ಎಳೆಯ ಬೇಸ್‌ಬಾಲ್ ಹುಡುಗರ ವಯಸ್ಸು, ಗುರುತು ಖಾತ್ರಿ ಮಾಡಿಕೊಳ್ಳಲು ಡಿಎನ್‌ಎ ಪರೀಕ್ಷೆ ನಡೆಯುತ್ತಿದೆ ಎಂದು 2009ರಲ್ಲಿ ಹೊರಬಿತ್ತು. ಅಪ್ಪ ಅಮ್ಮನ ಮಾದರಿಯನ್ನೂ ಕೇಳುತ್ತಿದ್ದರು. ಮಗನ ಕೈಗೆ ಒಪ್ಪಂದ ಬರುತ್ತದೆಂದರೆ ಯಾವ ಬಡ ತಾಯಿ ಬಾಯಿ ತೆರೆಯುವುದಿಲ್ಲ ಹೇಳಿ.

ಕುಡುಗೋಲು ಕಣ

ಜೀನ್ ಪರೀಕ್ಷೆ ಸಾರಾಸಗಟಾಗಿ ಜಾರಿಯಾದ ಒಂದು ಕಡೆಯಿದೆ, ಅಮೆರಿಕದ ಕಾಲೇಜು ಕ್ರೀಡೆ. 2006ರ ಸೆಪ್ಟೆಂಬರಿನಲ್ಲಿ ರೈಸ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರ ಡೇಲ್ ಲಾಯ್ಡ್ ಅಭ್ಯಾಸದಲ್ಲಿ ನೂರು ಗಜದ 16 ಓಟ ಓಡಿ ಕುಸಿದು ತೀರಿಕೊಂಡ. ಅವನಿಗೆ ಸಿಕಲ್ ಸೆಲ್ ಲಕ್ಷಣವಿತ್ತು, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿಸುವ ಜೀನ್. ಕಾಯಿಲೆಯಲ್ಲ, ಎರಡು ಜೀನಿನಲ್ಲಿ ಒಂದು ಮಾತ್ರ ಅಂಥದ್ದು. ಕುಟುಂಬ ಹೂಡಿದ ಮೊಕದ್ದಮೆ ರಾಜಿಯಾದ ಮೇಲೆ 2010ರಿಂದ ಮೇಲ್ದರ್ಜೆಯ ಕಾಲೇಜು ಆಟಗಾರರೆಲ್ಲರಿಗೂ ಈ ಪರೀಕ್ಷೆ ಬಂತು. ಬೇಡವೆಂದವರು ಹೊಣೆ ನನ್ನದೇ ಎಂದು ಬರೆದುಕೊಡಬೇಕಿತ್ತು. ವಿದ್ಯಾರ್ಥಿ ನೌಕರನಲ್ಲ, ಹಾಗಾಗಿ ಜಿನಾ ತಗಲುವುದಿಲ್ಲ. ಈಗ 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿವೆ. ನಾಳೆ ನ್ಯಾಯಾಲಯ ಇವರನ್ನು ನೌಕರರು ಎಂದರೆ ಈ ನಿಯಮ ಆ ದಿನವೇ ಕಾಯ್ದೆಗೆ ಡಿಕ್ಕಿ ಹೊಡೆಯುತ್ತದೆ.

ಆದರೆ ಅಮೆರಿಕದ ಸೇನೆ ಬೇರೆಯೇ ದಾರಿ ಹಿಡಿಯಿತು. ಯಾರಿಗೆ ಲಕ್ಷಣವಿದೆ ಎಂದು ನೋಡದೆ ಎಲ್ಲರಿಗೂ ಒಂದೇ ಎಚ್ಚರಿಕೆ: ಮೊದಲ ವಾರ ನಿಧಾನ, ಬಿಸಿಲಿಗೆ ಮೈ ಹೊಂದಿಸಿಕೊಳ್ಳುವುದು, ನೀರು, ನಡುನಡುವೆ ವಿಶ್ರಾಂತಿ. 2016ರಲ್ಲಿ 47,944 ಕಪ್ಪು ಸೈನಿಕರ ದಾಖಲೆ ನೋಡಿದಾಗ ಲಕ್ಷಣವಿದ್ದವರಲ್ಲಿ ಸಾವು ಹೆಚ್ಚಿರಲಿಲ್ಲ. ಶ್ರಮದಿಂದ ಸ್ನಾಯು ಕರಗುವ ತೊಂದರೆ ಮಾತ್ರ ಒಂದೂವರೆ ಪಟ್ಟು ಇತ್ತು.

ತರಬೇತುದಾರರಿಗೆ ಒಂದು ಮಾತು. ಬಿಸಿಲಿನ ಸೆಳೆತದಲ್ಲಿ ಸ್ನಾಯು ಕಲ್ಲಿನಂತೆ ಗಂಟು ಕಟ್ಟುತ್ತದೆ, ಹುಡುಗ ನೋವಿಗೆ ಕೂಗುತ್ತಾನೆ. ಸಿಕಲ್ ಕಣದ ಕುಸಿತದಲ್ಲಿ ಸ್ನಾಯು ಮುಟ್ಟಿದರೆ ಮೆತ್ತಗೇ ಇರುತ್ತದೆ, ಕಾಲಲ್ಲಿ ಶಕ್ತಿ ಹೋಗಿ ಅವನು ಮೆಲ್ಲಗೆ ಕುಳಿತುಬಿಡುತ್ತಾನೆ, ಮಾತಾಡುತ್ತಲೂ ಇರುತ್ತಾನೆ. ಅದೂ ಓಟ ಶುರುವಾದ ಕೆಲವೇ ನಿಮಿಷಕ್ಕೆ. ಸೋಮಾರಿ ಎಂದು ಎಬ್ಬಿಸಿ ಓಡಿಸಿದರೆ ಪ್ರಾಣ ಹೋಗುತ್ತದೆ. ನಿಲ್ಲಿಸಿ, ಆಮ್ಲಜನಕ ಕೊಡಿ, ಆಂಬುಲೆನ್ಸ್ ಕರೆಸಿ.

ತಿಳಿವಳಿಕೆ ಸರಿಯಾದ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕನ್ ಫುಟ್‌ಬಾಲ್ ತಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ರಯಾನ್ ಕ್ಲಾರ್ಕ್ ಸಾಕ್ಷಿ. ಅವನಿಗೂ ಇದೇ ಲಕ್ಷಣ. 2007ರಲ್ಲಿ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದ ಡೆನ್ವರಿನಲ್ಲಿ ಆಡಿ ಗುಲ್ಮ, ಪಿತ್ತಕೋಶ ಎರಡನ್ನೂ ಕಳೆದುಕೊಂಡ. 2012ರ ಜನವರಿಯಲ್ಲಿ ಪ್ಲೇಆಫ್ ಪಂದ್ಯ ಮತ್ತೆ ಡೆನ್ವರಿನಲ್ಲೇ ಬಿತ್ತು. ತರಬೇತುದಾರ ಮೈಕ್ ಟಾಮ್ಲಿನ್ ಅವನನ್ನು ಆಡಿಸಲಿಲ್ಲ. ಒಂದು ಪಂದ್ಯ ತಪ್ಪಿತು, ಕೆಲಸ ತಪ್ಪಲಿಲ್ಲ.

ಸಿಕಲ್ ಸೆಲ್ ನಮಗೆ ದೂರದ್ದಲ್ಲ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಇದೆ. 2023ರ ಜುಲೈ 1ರಂದು ಕೇಂದ್ರ ಶುರು ಮಾಡಿದ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ನೋಡುವ ಗುರಿಯಿದ್ದು, ಫಲಿತಾಂಶದ ಕಾರ್ಡ್ ಕೊಡುತ್ತಾರೆ. ಒಳ್ಳೆಯ ಕೆಲಸ. ಅದೇ ಕಾರ್ಡನ್ನು ನಾಳೆ ಕ್ರೀಡಾ ಹಾಸ್ಟೆಲಿನ ಬಾಗಿಲಲ್ಲಿ ಕೇಳಿದರೆ ಹಾಡಿಯ ಹುಡುಗಿ ಓಟಕ್ಕೆ ಮುಂಚೆಯೇ ಸೋತಂತೆ.

ನಮ್ಮಲ್ಲಿ

ಭಾರತದಲ್ಲಿ ಜಿನಾದಂಥ ಕಾಯ್ದೆಯಿಲ್ಲ. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಸ್ಪಷ್ಟವಾಗಿದೆ: ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಷರತ್ತಾಗಕೂಡದು. ಜೀನ್ ಬಗ್ಗೆ ಅಂಥ ಒಂದು ಸಾಲು ಎಲ್ಲೂ ಇಲ್ಲ. ಹತ್ತಿರದ್ದೆಂದರೆ ದೆಹಲಿ ಹೈಕೋರ್ಟ್ 2018ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪು. ವಿಮಾ ಕಂಪನಿ 'ಜೆನೆಟಿಕ್ ಕಾಯಿಲೆ' ಎಂದು ಹಣ ನಿರಾಕರಿಸಿತ್ತು, ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅದು ತಾರತಮ್ಯ ಎಂದರು. ಅಲ್ಲಿನ ಕಾಯಿಲೆ ಯಾವುದು ಗೊತ್ತೇ? ಇದೇ ದಪ್ಪ ಗೋಡೆಯ ಹೃದಯ. ಆದರೆ ಅದು ವಿಮೆಯ ಮಾತು, ಉದ್ಯೋಗದ್ದಲ್ಲ. 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆ ಕಾಪಾಡುತ್ತದೆ ಎಂದುಕೊಂಡರೆ ಅದರ 7ನೇ ಸೆಕ್ಷನ್ ಓದಿ. ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಆಟಗಾರನ ಹೃದಯಕ್ಕಿಂತ ದೊಡ್ಡ 'ನಷ್ಟ' ಫ್ರಾಂಚೈಸಿಗೆ ಯಾವುದಿದೆ?

ಕ್ರಿಕೆಟ್ ತಂಡದ ಆಟಗಾರರಿಗೆ ಡಿಎನ್‌ಎ ಪರೀಕ್ಷೆ ಮಾಡಿಸಲಾಗುತ್ತಿದೆ ಎಂದು 2017ರ ನವೆಂಬರಿನಲ್ಲಿ ಸುದ್ದಿ ಬಂದಿತ್ತು. ಕೊಬ್ಬು ಕರಗುವುದು, ಚೇತರಿಕೆ, ಸ್ನಾಯು ಕಟ್ಟುವುದು ಇಂಥ ಫಿಟ್‌ನೆಸ್ ವಿಷಯಕ್ಕೆ, ಆಟಗಾರನೊಬ್ಬನಿಗೆ 25ರಿಂದ 30 ಸಾವಿರ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಕಾಯಿಲೆ ಹುಡುಕುವುದಕ್ಕಲ್ಲ, ಒಪ್ಪಿದೆ. ಆದರೆ ಡಿಎನ್‌ಎ ಒಮ್ಮೆ ಟ್ಯೂಬಿನಲ್ಲಿ ಇದ್ದರೆ ಇವತ್ತು ಕೊಬ್ಬಿನ ಜೀನ್ ಓದಿದವರು ನಾಳೆ ಹೃದಯದ್ದನ್ನೂ ಓದಬಹುದು. ಮತ್ತೆ ಸೂಜಿ ಚುಚ್ಚಬೇಕಿಲ್ಲ. ಮತ್ತೆ ಕೇಳಲೂ ಬೇಕಿಲ್ಲ, ಮೊದಲ ಸಹಿಯಲ್ಲಿ ಅದನ್ನು ಬಿಟ್ಟುಕೊಟ್ಟಿದ್ದರೆ. ಮತ್ತೆ, ಆಟಗಾರನ ಹೃದಯದ ಜೀನ್ 'ಇದೆ' ಎಂದು ಬಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಬಹುತೇಕ ಅದು ಇರುತ್ತದೆ, ಅಣ್ಣ ತಂಗಿಯರಿಗೆ ಅರ್ಧಕ್ಕರ್ಧ ಸಾಧ್ಯತೆ. ಮದುವೆಗೆ ಬಂದ ತಂಗಿಯ ವಿಷಯ ತಂಡದ ಫೈಲಿನಲ್ಲಿ ಕೂತಿರುತ್ತದೆ, ಅವಳು ಯಾವ ಕಾಗದಕ್ಕೂ ಸಹಿ ಮಾಡಿರುವುದಿಲ್ಲ.

ಇಲ್ಲಿ ಕೂತವರಲ್ಲಿ ಕಬಡ್ಡಿ, ಫುಟ್‌ಬಾಲ್, ಅಥ್ಲೆಟಿಕ್ಸ್ ಆಡುವ ಮಕ್ಕಳಿರುವ ಅಪ್ಪ ಅಮ್ಮ ಇದ್ದೀರಿ. ಒಪ್ಪಂದದ ಕಾಗದ ಬಂದಾಗ ವೈದ್ಯಕೀಯದ ಪುಟವನ್ನು ಮೊದಲು ತೆಗೆಯಿರಿ. ಇಸಿಜಿ, ಎಕೋ, ಟ್ರೆಡ್‌ಮಿಲ್ ಕೇಳಿದರೆ ಖುಷಿಯಿಂದ ಮಾಡಿಸಿ. ಕೇಳದಿದ್ದರೆ ನೀವೇ ಮಾಡಿಸಿ, ಇಟಲಿ 1982ರಿಂದ ಸ್ಪರ್ಧಿಗಳಿಗೆ ಇಸಿಜಿ ಕಡ್ಡಾಯ ಮಾಡಿ ವೆನೆಟೊ ಪ್ರಾಂತ್ಯದಲ್ಲಿ ಹಠಾತ್ ಸಾವನ್ನು ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಸಿದೆ. ಮನೆಯಲ್ಲಿ ಯಾರಾದರೂ 40ರೊಳಗೆ ಹಠಾತ್ತನೆ ಹೋಗಿದ್ದರೆ, ಅಥವಾ ಮಗು ಓಡುವಾಗಲೇ ಜ್ಞಾನತಪ್ಪಿ ಬಿದ್ದಿದ್ದರೆ, ಒಪ್ಪಂದಕ್ಕೆ ಮುಂಚೆಯೇ ನಿಮ್ಮ ಖರ್ಚಿನಲ್ಲಿ, ನಿಮ್ಮ ವೈದ್ಯರ ಹತ್ತಿರ ಹೋಗಿ. ಜೀನ್ ಪರೀಕ್ಷೆ ಬೇಕೆಂದು ಅವರು ಹೇಳಿದರೆ ಮೊದಲು ಮಾಡಿಸಬೇಕಾದದ್ದು ಮಗುವಿಗಲ್ಲ, ಮನೆಯಲ್ಲಿ ಕಾಯಿಲೆ ಈಗಾಗಲೇ ಖಚಿತವಾದವರಿಗೆ. ಅವರಲ್ಲಿ ಸಿಕ್ಕ ಒಂದು ಬದಲಾವಣೆಯನ್ನು ಮಾತ್ರ ಮಗುವಿನಲ್ಲಿ ಹುಡುಕಿದರೆ ಉತ್ತರ ಸ್ಪಷ್ಟ, ಖರ್ಚೂ ಕಡಿಮೆ. ತಿರುಗುಮುರುಗು ಮಾಡಿದರೆ 'ಗೊತ್ತಿಲ್ಲ' ಎಂಬ ವರದಿ ಹಿಡಿದುಕೊಂಡು ಕೂರುತ್ತೀರಿ.

ಇನ್ನು ತಂಡದ ಕಾಗದದಲ್ಲಿ "ಅಗತ್ಯವೆನಿಸಿದ ಯಾವುದೇ ಪರೀಕ್ಷೆಗೆ ಒಪ್ಪುತ್ತೇನೆ" ಎಂಬ ಒಂದು ಸಾಲು ಇರುತ್ತದೆ. 'ಯಾವುದೇ' ಎಂಬ ಪದಕ್ಕೆ ಗೆರೆ ಎಳೆದು, ಪರೀಕ್ಷೆಗಳ ಹೆಸರನ್ನು ಒಂದೊಂದಾಗಿ ಬರೆಸಿ. ರಕ್ತದ ಮಾದರಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಉಳಿದದ್ದನ್ನು ಏನು ಮಾಡುತ್ತೀರಿ ಎಂದು ಕೇಳಿ ಅದನ್ನೂ ಬರೆಸಿ. ಪಕ್ಕದಲ್ಲಿ "ಡಿಎನ್‌ಎ ಪರೀಕ್ಷೆಗೆ ಪ್ರತ್ಯೇಕ ಲಿಖಿತ ಒಪ್ಪಿಗೆ ಬೇಕು" ಎಂದು ಕೈಯಲ್ಲೇ ಬರೆದು, ಎರಡೂ ಕಡೆಯವರ ಸಹಿ ಹಾಕಿಸಿ, ಒಂದು ಜೆರಾಕ್ಸ್ ಮನೆಗೆ ತನ್ನಿ.